ಪುದೀನದ ಹೂವು

ಎರಡು ಭಾಷೆ ಬಲ್ಲವರೆಲ್ಲ ಸೊಕ್ಕಿನವರೆಂದು ನಾನು ಹೇಳುವುದಿಲ್ಲ; ನಾನು ಮಾತ್ರ ಹಾಗಿದ್ದೆ. ನಿಜಾಮರ ಆಳ್ವಿಕೆ ಮುಗಿದು ಚಿತ್ತಾಪುರದ ನಮ್ಮ ಶಾಲೆ ಉರ್ದುವಿನಿಂದ ಕನ್ನಡಕ್ಕೆ ಹೊರಳಿದ ಹೊಸತು. ಹಳೆಯ ಕಾಗದ ಓದಿಸಿಕೊಳ್ಳಲು ಊರವರು ಈ ಮಾಸ್ತರನನ್ನೇ ಹುಡುಕಿಕೊಂಡು ಬರುತ್ತಿದ್ದರು. ತಲೆ ತಿರುಗಲು ಇಷ್ಟು ಸಾಲದೇ?

ಆಗ ಅವ್ವನ ಮೊಣಕಾಲು ಹಿಡಿದುಕೊಂಡಿತು. ಲಿಂಗಪೂಜೆಗೆ ನೆಲದ ಮೇಲೆ ಕೂಡಲಾಗದು. ಮಂಚದ ಮೇಲೆ ಕೂತು ಪೂಜೆ ಮಾಡುವ ಗತಿ ಬಂತಲ್ಲ ಎಂದು ಕಣ್ಣೀರು ಹಾಕುತ್ತಿದ್ದಳು. ಹಕೀಮರು ಉರ್ದುವಿನಲ್ಲಿ ಚೀಟಿ ಬರೆದುಕೊಟ್ಟರು: ಕರ್ಪೂರ, ಅಜವಾನದ ಫೂಲ್, ಪುದೀನದ ಫೂಲ್, ಕುಸುಬಿ ಎಣ್ಣೆಗೆ ಹಾಕಿ ತಿಕ್ಕಬೇಕು. ಅಜವಾನ ಎಂದರೆ ಓಮ, ಫೂಲ್ ಎಂದರೆ ಹೂವು. ಇದನ್ನೂ ಯಾರನ್ನಾದರೂ ಕೇಳಬೇಕೇ?

ಪುದೀನ ನಮ್ಮ ಬಚ್ಚಲ ಹಿಂದೆಯೇ ಇತ್ತು, ಹೂವಿರಲಿಲ್ಲ. ಒಂದೆಲೆಯನ್ನೂ ಚಿವುಟಕೂಡದೆಂದು ಹುಕುಂ ಹೊರಡಿಸಿದೆ.

"ಹೂ ಬಿಡೂತನಕ ಚಟ್ನಿ ಬಂದ್ ಏನ್ರಿ?" ಎಂದಳು ಹೆಂಡತಿ.

"ಬಂದ್!"

ಅಂತೂ ಹೂ ಬಿಟ್ಟಿತು. ಅಜವಾನದ ಹೂವನ್ನು ರಾವೂರಿನ ಹೊಲದಿಂದ ತಂದೆ. ಅರೆದು, ಎಣ್ಣೆಗೆ ಹಾಕಿ, ದಿನಾ ಸಂಜೆ ಅವ್ವನ ಕಾಲು ತಿಕ್ಕಿದೆ. ಮನೆಯೆಲ್ಲ ಘಮಘಮ. "ಭಾಳ ಹಗೂರ ಆಗ್ಲಿಕತ್ತದ ನೋಡಪಾ," ಎಂದು ಕಣ್ಣು ಮುಚ್ಚುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಮಣೆಯ ಮೇಲೆ ಕೂಡುವಂತಾದಳು. ನನ್ನ ಪಾಂಡಿತ್ಯದ ಮೇಲೆ ನನಗೇ ಗೌರವ ಹೆಚ್ಚಿತು.

ಶಹಾಬಾದಿಗೆ ಹೋದಾಗ ಅತ್ತರಿನ ಅಂಗಡಿಯ ಚಾಚಾರ ಮುಂದೆ ಇದನ್ನೆಲ್ಲ ಕೊಚ್ಚಿಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕರು.

"ಅರೇ ಮಾಸ್ತರ್ ಸಾಬ್, ಗಿಡದ ಹೂ ಅಲ್ರಿ! ಪುದೀನಾದ ಸತ್ವ ಹರಳ ಆದ್ರ ಅದಕ್ಕ ಫೂಲ್ ಅಂತೀವಿ."

ಪುದೀನದ ಹರಳು, ಅಜವಾನದ ಹರಳು, ಒಂದಿಷ್ಟು ಕರ್ಪೂರ ಶೀಶೆಗೆ ಹಾಕಿ ಅಲುಗಾಡಿಸಿದರು. ಹನಿ ನೀರು ಸೋಕದೆ ಮೂರೂ ಕರಗಿ ನೀರಾದವು. ನಾನು ನಾಚಿ ನೀರಾದೆ. ಅಲ್ಲಾ, ಮಸಾಲೆಯ ಕಲ್ಲುಹೂವನ್ನು ಯಾರಾದರೂ ಮುಡಿಯುತ್ತಾರೆಯೇ? ಕಣ್ಣಲ್ಲಿ ಬಿದ್ದ ಹೂವನ್ನು ದೇವರಿಗೆ ಏರಿಸುತ್ತಾರೆಯೇ? ಹೂವೆಲ್ಲ ಹೂವಲ್ಲ ಎಂದು ಕನ್ನಡವೇ ಕಿವಿ ಹಿಂಡಿ ಹೇಳುತ್ತಿತ್ತು. ಕಿವಿ ಉರ್ದುವಿನ ಕಡೆಗಿತ್ತು.

ಶೀಶೆಯನ್ನು ಅವ್ವನ ಕೈಗಿತ್ತು, ಎಣ್ಣೆಗೆ ಎರಡು ಹನಿ ಹಾಕಿ ಹಚ್ಚಿಕೋ ಎಂದೆ. ಅಸಲಿ ಔಷಧವೇ ಬಂದ ಮೇಲೆ ನನ್ನ ತಿಕ್ಕಾಟ ಯಾಕೆ? ವಾರದೊಳಗೆ ಅವ್ವ ಮತ್ತೆ ಮಂಚ ಹತ್ತಿದಳು. ನೋಡಿದರೆ ಶೀಶೆಯ ಬೂಚನ್ನೂ ತೆಗೆದಿಲ್ಲ! ನನಗೆ ಸಿಟ್ಟು ಬಂತು.

"ಖರೇ ಔಷಧ ಇಟ್ಕೊಂಡು ಸುಮ್ನ ಕುಂತೀಯಲ್ಲಬೇ?"

"ಔಷಧ ಬದಲ್ ಮಾಡು, ನಾ ಏನ್ ಬ್ಯಾಡ ಅನ್ನಂಗಿಲ್ಲ," ಎಂದಳು ಅವ್ವ. "ತಿಕ್ಕೂ ಕೈ ಯಾಕ ಬದಲ್ ಮಾಡ್ದಿ?"