ಲಿಲ್ಲಿ ಗೆಡ್ಡೆಗಳ ಪಾರಣೆ

ಅವರ ಬಲಗೈಯ ನಡುಬೆರಳಿನಲ್ಲಿ ಸೂಜಿ ಒತ್ತುವ ಹಿತ್ತಾಳೆಯ ಅಂಗುಸ್ತಾನ ಸದಾ ಇರುತ್ತಿತ್ತು. ಲಷ್ಕರ್ ಮೊಹಲ್ಲಾದ ಹೊಲಿಗೆ ಅಂಗಡಿಯನ್ನು ಮುಚ್ಚಿ, ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದ ಮೇಲೂ ಟೈಲರ್ ಅದನ್ನು ಕಳಚಲಿಲ್ಲ. ಲಿಲ್ಲಿ ಗೆಡ್ಡೆಗಳನ್ನು ನೆಟ್ಟ ಎಣ್ಣೆ ಡಬ್ಬಗಳನ್ನು ಅದರಿಂದ ತಟ್ಟಿ, ಒಳಗಿನ ಮಣ್ಣು ಒಣಗಿದೆಯೇ ಎಂದು ಸದ್ದಿನಿಂದಲೇ ತಿಳಿಯುತ್ತಿದ್ದರು. ಆ ಟಣ್ ಟಣ್ ಸದ್ದು ಆರೇಳು ವರ್ಷ ನನ್ನ ಬೆಳಗಿನ ಪೂಜೆಯನ್ನು ಕೆಡಿಸಿದೆ.

ನಮ್ಮಲ್ಲೂ ಒಂದು ಲಿಲ್ಲಿ ಇತ್ತು. ಅರಮನೆಯ ಚಾಕರಿಯಲ್ಲಿದ್ದ ತಾತನವರಿಗೆ ಅಲ್ಲಿನ ತೋಟದಿಂದ ದೊರೆತ ಗೆಡ್ಡೆಯ ಸಂತತಿ. ಊರಲ್ಲೆಲ್ಲ ಕಾಣುವುದು ಕೆಂಪು. ನಮ್ಮದು ಬಿಳಿ, ಗಂಟಲಿನಲ್ಲಿ ಎಳೆಹಸಿರು. ಚೈತ್ರದಲ್ಲಿ ಅರಳುತ್ತಿತ್ತು. ತಾಯಿಯವರು ತೀರಿಕೊಂಡು ಕುಂಡಗಳ ಆರೈಕೆ ನನ್ನ ಪಾಲಿಗೆ ಬಂದಂದಿನಿಂದ ಎಲೆಯ ಹೊರತು ಏನನ್ನೂ ಕೊಡಲಿಲ್ಲ. ನಾನಾದರೋ ಒಂದು ದಿನವೂ ನೀರು ತಪ್ಪಿಸಿದವನಲ್ಲ.

ಒಂದು ಚೈತ್ರದಲ್ಲಿ ಅದೇ ಬಿಳಿ ಹೂವು ಎದುರುಮನೆಯ ಕಡಲೆಕಾಯಿ ಎಣ್ಣೆ ಡಬ್ಬದಲ್ಲಿ ಅರಳಿತು. ಹೆಂಡತಿಯನ್ನು ಕೇಳಿದೆ.

"ಕುಂಡ ಬದಲಾಯ್ಸೋವಾಗ ಒಂದು ಮರಿ ಗೆಡ್ಡೆ ಮಿಕ್ತು, ಕೊಟ್ಟೆ. ಇಲ್ಲಿದ್ದು ಅದೇನು ಮಹಾ ಮಾಡ್ತಿತ್ತು?" ಎಂದಳು.

ವಿಚಾರಿಸಲು ರಸ್ತೆ ದಾಟಿದೆ. ಟೈಲರ್ ನಕ್ಕರು. "ದಿನಾ ಉಣ್ಸಿ ಉಣ್ಸಿ ಸೋಮಾರಿ ಮಾಡ್ಬುಟ್ಟಿದ್ದೀರಿ ಸ್ವಾಮಿ. ಸಂಕ್ರಾಂತಿಗೆ ನೀರು ನಿಲ್ಸಿ. ಶಿವರಾತ್ರಿ ಆದ ಮಾರನೇ ಬೆಳಗ್ಗೆ ಪಾರಣೆ ಮಾಡ್ಸಿ. ಉಪವಾಸ ಅಂದ್ರೆ ನಿಮ್ಮನೇಲಿ ಗೊತ್ತಿಲ್ದಿದ್ದಾ ಕಣ್ರೀ?"

ಹಾಲು ಹಾಕಲು ಬಂದಿದ್ದಾತನೂ ನಕ್ಕ. ಅದನ್ನು ನಾನು ಮರೆತಿಲ್ಲ. ಹಟ ಹಿಡಿದು ಮುಂದಿನ ಎರಡು ವರ್ಷವೂ ನೀರೆರೆದೆ. ಎಲೆಗಳು ಸೊಂಪಾಗಿ ಬಂದವು.

ಅವರಿಗಿದ್ದದ್ದು ಒಂದೇ ಆಸೆ: ಆ ಬಿಳಿಗೆ ತಮ್ಮ ಕೆಂಪಿನ ಪರಾಗ ಕೂಡಿಸಿ, ಮೈಸೂರಿನಲ್ಲಿ ಯಾರೂ ಕಾಣದ ಹೂವನ್ನು ಬೀಜದಿಂದ ಎಬ್ಬಿಸುವುದು. ಹೂವು ಬಿರಿದೊಡನೆ ಅದರ ಕೇಸರಗಳನ್ನು ಪುಟ್ಟ ಕತ್ತರಿಯಿಂದ ತೆಗೆದು, ಕೆಂಪು ಹೂವಿನ ಪುಡಿಯನ್ನು ಮಖಮಲ್ಲಿನ ಚೂರಿನಿಂದ ಸವರಿ, ತೊಟ್ಟಿಗೆ ನೀಲಿ ದಾರ ಕಟ್ಟುತ್ತಿದ್ದರು. ಮೊದಲೆರಡು ವರ್ಷ ಕಾಯಿ ಕಚ್ಚಲಿಲ್ಲ. ಕಾಯಿ ಬಲಿಯಲು ಒಂದು ತಿಂಗಳು. ಸಸಿ ಹೂ ಬಿಡಲು ನಾಲ್ಕು ವರ್ಷ.

ಮೂರನೆಯ ಚೈತ್ರದಲ್ಲಿ ಅವರ ಬಿಳಿ ಲಿಲ್ಲಿ ಒಂದು ದಂಟು, ಎರಡು ಹೂವು ಬಿಟ್ಟಿತು. ಬೆಳಗ್ಗೆ ಕೊಕ್ಕೆ ಹಿಡಿದು ಎದುರಿನವರ ಕಾಂಪೌಂಡಿನಿಂದ ಪೂಜೆಗೆ ಹೂ ಕೀಳುವುದನ್ನು ನಮ್ಮ ಬೀದಿಯಲ್ಲಿ ಯಾರೂ ಕಳವೆನ್ನುವುದಿಲ್ಲ. ತಾತನ ಹೂವು ತಾತನ ದೇವರಿಗೇ ಸಲ್ಲಬೇಕೆಂದು ಎರಡನ್ನೂ ಕಿತ್ತೆ. ಬುಟ್ಟಿಗೆ ಹಾಕಿಕೊಂಡ ಮೇಲೆ ತೊಟ್ಟಿನ ನೀಲಿ ದಾರ ಕಂಡಿತು. ಇಲ್ಲ, ಮೊದಲೇ ಕಂಡಿತ್ತು.

ಟೈಲರ್ ಗೇಟಿನ ಬಳಿ ನಿಂತಿದ್ದರು. ಬುಟ್ಟಿಯನ್ನು ನೋಡಿದರು. "ದೇವ್ರಿಗೆ ಸೇರ್ತು ಬುಡಿ ಸ್ವಾಮಿ. ಇನ್ನೊಂದ್ ವರ್ಷ ತಾನೆ?" ಎಂದರು. ಅವರಿಗಾಗಲೇ ಎಂಬತ್ತರ ಹತ್ತಿರ. ಬೈದಿದ್ದರೆ ಹೇಳಲು ಉತ್ತರವೊಂದನ್ನು ಸಿದ್ಧಪಡಿಸಿಕೊಂಡಿದ್ದೆ. ಅದು ಇಂದಿಗೂ ನನ್ನಲ್ಲೇ ಉಳಿದಿದೆ.

ಮುಂದಿನ ಸಂಕ್ರಾಂತಿಗೆ, ಯಾರಿಗೂ ಹೇಳದೆ, ನನ್ನ ಕುಂಡಗಳಿಗೆ ನೀರು ನಿಲ್ಲಿಸಿದೆ. ತಾಯಿಯವರೂ ಆ ದಿನಗಳಲ್ಲಿ ಅವನ್ನು ಕಿಟಕಿಯ ಸಜ್ಜದ ಕೆಳಗೆ ಸರಿಸುತ್ತಿದ್ದದ್ದು ಆಗ ನೆನಪಾಯಿತು. ಶಿವರಾತ್ರಿಯ ಮರುದಿನ ಒಂದು ಚೊಂಬು ನೀರು. ಯುಗಾದಿ ಕಳೆದು ವಾರಕ್ಕೆ ದಂಟು ಮೂಡಿ ಬಿಳಿ ಹೂ ಅರಳಿತು. ಎದುರುಮನೆಯ ಬಿಳಿ ಆ ವರ್ಷ ಹೂ ಬಿಡದೆ ಮಲಗಿಬಿಟ್ಟಿತ್ತು. ನನಗಾದ ಸಂತೋಷ ಯಾವುದರಿಂದ ಹೆಚ್ಚಾಯಿತೆಂದು ಹೇಳಲಾರೆ.

ಟೈಲರ್ ಕೆಂಪಿನ ಪುಡಿಯನ್ನು ಕಾಗದದಲ್ಲಿ ಮಡಿಚಿಕೊಂಡು ಬಂದರು. "ನಮ್ದಕ್ಕಿಂತ ದಪ್ಪ ಬಂದದೆ ಕಣ್ರೀ! ಅಪ್ಪಣೆ ಆದ್ರೆ..." ಎಂದು ಬಾಗಿಲಲ್ಲೇ ನಿಂತರು. ಅವರು ಕೇಳಿ ನಿಂತದ್ದು ನನಗೆ ಹಿತವಾಯಿತು; ಬೇಕೆಂದೇ ತಡಮಾಡಿ ಹೂಂ ಎಂದೆ.

"ದಾರ ನೀವೇ ಕಟ್ಟಿ. ಗಿಡ ನಿಮ್ದು," ಎಂದರು. ಕಟ್ಟಿದೆ. ಅವರು ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. "ಬಿಗಿಯಾದ್ರೆ ಕಾಯಿಗೆ ಉಸಿರು ಕಟ್ತದೆ, ಸ್ವಾಮಿ. ಬಟ್ಟೆ ಅಲ್ಲ ಇದು. ಬೆಳೆಯೋದಕ್ಕೆ ಜಾಗ ಬುಡಬೇಕು."

ಕಾಯಿ ಮೂರು ಹೋಳಾಗಿ ಬಿರಿದಾಗ ಒಳಗೆ ಸುಟ್ಟ ಕಾಗದದ ಚೂರುಗಳಂಥ ಕಪ್ಪು ಬೀಜಗಳು. ಅಷ್ಟನ್ನೂ ನನಗೇ ಬಿಡಲು ಹೊರಟರು. ಉಪಕಾರ ಹೊರುವ ಮನಸ್ಸಿಲ್ಲದೆ ಅರ್ಧವನ್ನು ಅವರ ಕೈಗೇ ಸುರಿದೆ.

ಸಸಿಗಳಿಗೆ ಎರಡು ವರ್ಷವಾದಾಗ ಟೈಲರ್ ಕಡಕೊಳದ ಮಗಳ ಮನೆಯಲ್ಲಿ ತೀರಿಕೊಂಡರು. ಡಬ್ಬಗಳು ಮೊದಲೇ ಅಲ್ಲಿಗೆ ಹೋಗಿದ್ದವು.

ಈ ಚೈತ್ರದಲ್ಲಿ ಅವರ ಮಗಳು ನನ್ನ ಫೋನಿಗೆ ಚಿತ್ರ ಕಳಿಸಿ, ಹಿಂದೆಯೇ ಕರೆ ಮಾಡಿದಳು: "ಅಪ್ಪಾಜಿ ಗಿಡ ಹೂ ಬುಡ್ತು ಸ್ವಾಮಿಯೋರೇ. ನಿಮ್ದು?" ಬಿಳಿಯ ದಳಗಳ ಅಂಚಿಗೆ ಸುತ್ತಲೂ ಸಣ್ಣ ಕೆಂಪು ಗೆರೆ. ನನ್ನದಿನ್ನೂ ಮೊಗ್ಗು. ಪಾರಣೆಯನ್ನು ಇಬ್ಬರೂ ಒಂದೇ ದಿನ ಮಾಡಿಸಿದ್ದೆವು. ನನ್ನದು ಅರಳಿದ್ದು ಒಂಬತ್ತು ದಿನ ತಡವಾಗಿ. ಸತ್ತ ಮೇಲೂ ಅವರೇ ಮೊದಲಾದರು. ಇದನ್ನೂ ನಾನು ಮರೆಯುವುದಿಲ್ಲ.

ಹೂವಿನ ಕೇಸರ ತೆಗೆದು, ಕೆಂಪಿನ ಪುಡಿ ಸವರಿ, ತೊಟ್ಟಿಗೆ ನೀಲಿ ದಾರ ಕಟ್ಟಿದೆ. ಬಿಗಿಯಾಗಿತ್ತು. ಬಿಚ್ಚಿ ಮತ್ತೆ ಕಟ್ಟಿದೆ.