ಖಾಲಿ ಬಿಟ್ಟ ನಂಬರು

ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದೆವು. ಹೃದಯದ ಆಪರೇಷನ್‌ಗೆ ಕಾಯುವವರ ಪಟ್ಟಿಯಲ್ಲಿ ಒಂದೇ ಫೋನ್ ನಂಬರು ಎರಡು ಸಲ ಬಂದರೆ, ಕಂಪ್ಯೂಟರಿನಲ್ಲಿ ಅದು ಕೆಂಪಾಗುವಂತೆ ಮಾಡುವುದು ಅವಳ ಕೆಲಸ. ಮೊದಲನೆಯದನ್ನು ಉಳಿಸಿ ಮಿಕ್ಕ ಕೆಂಪನ್ನೆಲ್ಲ ನಮ್ಮ ವಿಭಾಗದ ಸಾಹೇಬರು ಅಳಿಸುತ್ತಿದ್ದರು. ನಂಬರೇ ಇಲ್ಲದ ಖಾಲಿ ಜಾಗಗಳನ್ನೂ ಕಂಪ್ಯೂಟರು ಒಂದೇ ನಂಬರು ಅಂದುಕೊಳ್ಳುತ್ತಿತ್ತು; ಅವಕ್ಕೆ ಮಾತ್ರ ಬಣ್ಣ ಬೀಳದಂತೆ ಅವಳು ಷರತ್ತು ಹಾಕಿಡುತ್ತಿದ್ದಳು.

"ಇಬ್ಬರು ಬಾಯಿ ಬಿಡಲಿಲ್ಲ ಅಂದ್ರೆ ಇಬ್ಬರೂ ಒಬ್ಬರೇ ಆಗಿಬಿಡ್ತಾರಾ?" ಎಂದು, ಇದೆಲ್ಲ ಯಾಕೆ ಅಂದರೆ ನನ್ನನ್ನು ಗದರುತ್ತಿದ್ದಳು.

ಅವಳ ತಮ್ಮನೂ ಆ ಪಟ್ಟಿಯಲ್ಲಿದ್ದ. ಛತ್ರಿ ರಿಪೇರಿಯವನು, ಕಿವಿ ಕೇಳದು, ಫೋನಿಲ್ಲ. ತನ್ನ ನಂಬರು ಕೊಟ್ಟರೆ ಶಿಫಾರಸು ಅಂದುಕೊಂಡಾರು ಎಂದು ಅವಳು ಖಾಲಿ ಬಿಟ್ಟಿದ್ದಳು. ಆ ಹಾಳು ಮರ್ಯಾದೆ ಯಾರಿಗೆ ಬೇಕಿತ್ತೋ! ನನಗೆ ಇವತ್ತಿಗೂ ಸಿಟ್ಟಿದೆ.

ಒಂದು ರಾತ್ರಿ ತಮ್ಮನಿಗೆ ಉಸಿರು ಕಟ್ಟಿತು. ಅವನ ಪಕ್ಕ ಕೂತೇ ಬೆಳಗು ಮಾಡಿ ಬಂದವಳು ಆ ಷರತ್ತು ಹಾಕುವುದನ್ನೇ ಮರೆತಳು. ಖಾಲಿ ಜಾಗಗಳೆಲ್ಲ ಕೆಂಪಾದವು. ಸಾಹೇಬರು ಕಣ್ಣು ಮುಚ್ಚಿಕೊಂಡು ಅಳಿಸಿದರು. ಕೆಲವು ವಾರದ ಮೇಲೆ ತಮ್ಮನ ಸರದಿ ಹುಡುಕಿದರೆ ಅವನ ಹೆಸರೇ ಇಲ್ಲ. ಮೊದಲನೆಯವರೊಬ್ಬರನ್ನು ಬಿಟ್ಟು, ಫೋನಿಲ್ಲದವರೆಲ್ಲ ಮಾಯ.

ಸಾಹೇಬರು ಬಾಗಿಲು ಹಾಕಿದರು. "ನಿಮ್ಮ ತಮ್ಮನ್ನ ಮೇಲೆ ಸೇರಿಸ್ಬಿಡಿ. ಮಿಕ್ಕವರ ವಿಷಯ ಎತ್ಬೇಡಿ. ಇಬ್ಬರ ಕೆಲಸಾನೂ ಹೋಗುತ್ತೆ."

"ಅವರ ಮನೇಲೂ ಅಕ್ಕಂದಿರು ಇರ್ತಾರೆ, ಸಾರ್."

ಹಳೆಯ ಪ್ರತಿ ತೆರೆದು, ಹೆಸರು ಬರೆಸಿದ ದಿನಾಂಕದ ಪ್ರಕಾರವೇ ಎಲ್ಲರನ್ನೂ ವಾಪಸ್ಸು ತಂದಳು. ತಮ್ಮನಿಗಿಂತ ಮೊದಲು ಬರೆಸಿದವರು ಬಹಳ ಮಂದಿ ಇದ್ದರು. ಆ ವಾರಗಳಲ್ಲಿ ಅವರ ಸರದಿಗಳೆಲ್ಲ ಬೇರೆಯವರಿಗೆ ಹೋಗಿದ್ದರಿಂದ ಅವನು ಹಿಂದೆ ಬಿದ್ದ. ನಾನು ಅವಳ ಮನೆಗೆ ಹೋದಾಗಲೆಲ್ಲ ಅವನು ಅಕ್ಕನ ಕಡೆ ತಿರುಗಿ, ಕೈ ಆಡಿಸಿ 'ಯಾವಾಗ?' ಎಂದು ಕೇಳುತ್ತಿದ್ದ. ಅವಳು ಹೆಬ್ಬೆರಳು ತೋರುಬೆರಳು ಹತ್ತಿರ ತಂದು 'ಇನ್ನು ಇಷ್ಟೇ' ಎನ್ನುತ್ತಿದ್ದಳು. ಅದನ್ನು ನೋಡಲಾಗದೆ ನಾನು ಬೇಗ ಎದ್ದುಬಿಡುತ್ತಿದ್ದೆ.

ಸರದಿ ಬರುವ ಹಿಂದಿನ ವಾರ ಅವನು ತೀರಿಕೊಂಡ.

ಕೆಲಸಕ್ಕೆ ಮರಳಿದ ದಿನ ಅವಳು ಪಟ್ಟಿ ತೆರೆದು ತಮ್ಮನ ಹೆಸರಿನ ಮೇಲೆ ಬೆರಳಿಟ್ಟಳು. "ನನ್ ಕೈಲಾಗ್ತಿಲ್ಲ, ನೀನೇ ತೆಗಿ," ಎಂದಳು. ತೆಗೆದೆ. ಕೆಳಗಿನ ಹೆಸರು ಅವನ ಜಾಗಕ್ಕೆ ಬಂತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಆ ಹೆಸರು ಓದಿದಳು.

"ಇವರಿಗೂ ಫೋನಿಲ್ಲ. ಯಾರನ್ನಾದ್ರೂ ಮನೆಗೇ ಕಳಿಸು, ಈಗಲೇ."