ಶನಿವಾರದ ಪ್ರತಿ

ಟೈಪಿಂಗ್ ಅಕ್ಕ ಇಪ್ಪತ್ತಾರು ವರ್ಷಗಳಲ್ಲಿ ಒಂದು ದಿನವೂ ಕಂಪ್ಯೂಟರಿನಲ್ಲಿ ಹೊಸ ಹಾಳೆ ತೆರೆದವಳಲ್ಲ. ಬಾಡಿಗೆ ಕರಾರು ಬರಲಿ, ರಜೆ ಅರ್ಜಿ ಬರಲಿ, ಕಾಲೇಜಿನವರ ಪ್ರಬಂಧ ಬರಲಿ, ಕೊನೆಗೆ ಮಾಡಿದ ಕೆಲಸ ಯಾವುದೋ ಅದನ್ನೇ ತೆರೆಯುವುದು, ಅದರಲ್ಲಿದ್ದದ್ದನ್ನೆಲ್ಲ ಒಂದೇಟಿಗೆ ಅಳಿಸುವುದು, ಆ ಜಾಗದಲ್ಲಿ ಹೊಸದನ್ನು ಬಡಿದು ಬೇರೆ ಹೆಸರಿನಲ್ಲಿ ಉಳಿಸುವುದು. ಅಂಚು, ಅಕ್ಷರದ ಗಾತ್ರ, ಸಾಲುಗಳ ನಡುವಿನ ಜಾಗ ಎಲ್ಲ ಸಿದ್ಧವಾಗಿಯೇ ಸಿಗುತ್ತದಲ್ಲ! ಆ ಬೀದಿಯ ಟೈಪಿಂಗ್ ಅಂಗಡಿಗಳವರೆಲ್ಲ ಮಾಡುವುದು ಹೀಗೆಯೇ. ಕೇಳಿದರೆ, "ಹಾಸಿದ ಹಾಸಿಗೆ ಇರುವಾಗ ನೆಲ ಯಾಕೆ ಗುಡಿಸಬೇಕು?" ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾಳೆ.

ಅವಳ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಮಾಮೂಲು ಎತ್ತರದವರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಒಂದು ಕಂಪ್ಯೂಟರು, ನಾಲ್ಕು ಹಾಳೆಗೊಮ್ಮೆ ಮುನಿಸಿಕೊಳ್ಳುವ ಪ್ರಿಂಟರು, ಬಾಯಲ್ಲಿ ಹೇಳಿ ಬರೆಸುವವರಿಗೆ ಒಂದು ಕುರ್ಚಿ, ಕಾಯುವವರಿಗೆ ಗೋಡೆ ಬದಿಯ ಬೆಂಚು. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಧೂಳು ನೇರ ಕೀಲಿಮಣೆಯ ಮೇಲೆ ಬೀಳುತ್ತದೆ. ಅಕ್ಕ ಅದನ್ನು ಉಫ್ ಎಂದು ಊದಿ ಕೆಲಸ ಮುಂದುವರಿಸುತ್ತಾಳೆ.

ಹದಿನೇಳನೆಯ ವಯಸ್ಸಿನಲ್ಲಿ ಬೆರಳಚ್ಚು ಯಂತ್ರದ ಮೇಲೆ ಕಲಿತ ಕಸುಬು ಅದು. ಕಲಿಸಿದಾಕೆ ಬಹಳ ಕಟ್ಟುನಿಟ್ಟಿನವಳು. ಕೀಲಿಗಳ ಮೇಲೆ ಬಟ್ಟೆ ಹೊದಿಸಿ, ಒಂದೊಂದು ಪದವನ್ನೂ ಬಾಯಿಬಿಟ್ಟು ಹೇಳಿಕೊಂಡೇ ಬಡಿಯಬೇಕು ಎಂದು ತಾಕೀತು ಮಾಡಿದ್ದಳು. ಅಕ್ಕನಿಗೆ ಈಗ ಐವತ್ತನಾಲ್ಕು. ಯಂತ್ರ ಗುಜರಿಗೆ ಹೋಯಿತು, ಕಲಿಸಿದಾಕೆಯೂ ಹೋದಳು, ಬಾಯಿ ಮಾತ್ರ ಇನ್ನೂ ನಿಂತಿಲ್ಲ. ಗಿರಾಕಿ ಹೇಳಿದ್ದನ್ನು ಮರುನುಡಿಯುತ್ತಲೇ ಬಡಿಯುತ್ತಾಳೆ. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿದ್ದು ಈ ಬೆರಳುಗಳೇ. ಆ ತಮ್ಮ ಈಗ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅಕ್ಕನ ಹತ್ತಿರ ದುಡ್ಡು ತೆಗೆದುಕೊಳ್ಳುವುದಿಲ್ಲ, ಬದಲಿಗೆ ಗಂಟೆಗಟ್ಟಲೆ ಉಪದೇಶ ಮಾಡುತ್ತಾನೆ.

ಮೂರು ತಿಂಗಳ ಹಿಂದೆ ಅವನು ಬಂದು ಅವಳ ಹಳೆಯ ಬ್ಯಾಕಪ್ ತಂತ್ರಾಂಶ ತೆಗೆದು ಹೊಸದನ್ನು ಹಾಕಿದ. ಅಕ್ಕ ಸಿಟ್ಟಿನಿಂದ ಕುಣಿದಾಡಿಬಿಟ್ಟಳು. ದಿನಾ ಸಂಜೆ ಆರಕ್ಕೆ ಡ್ರಾಯರಿನಿಂದ ಬ್ಯಾಕಪ್ ಡಿಸ್ಕ್ ತೆಗೆದು, ಸಿಕ್ಕಿಸಿ, ದಿನದ ಕೆಲಸವೆಲ್ಲ ಅದಕ್ಕೆ ನಕಲಾಗುವವರೆಗೆ ಕಾದು ಬೀಗ ಹಾಕುವ ಶಿಸ್ತು ಅವಳದು. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ.

"ಚೆನ್ನಾಗಿರೋದಕ್ಕೆ ಯಾಕೋ ಕೈ ಹಾಕ್ತೀಯಾ?"

"ನಿನ್ನ ಹಳೇದು ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ಅಕ್ಕ. ಇವತ್ತಿಂದು ಸರಿಯೋ ತಪ್ಪೋ ನೋಡಲ್ಲ, ನಿನ್ನೇದರ ಮೇಲೇ ಬರೆದುಬಿಡತ್ತೆ. ಇದು ಹಾಗಲ್ಲ. ಹಳೇ ಪ್ರತಿಗಳನ್ನೂ ಇಟ್ಕೊಳತ್ತೆ. ಒಂದು ತಿಂಗಳವರೆಗೆ ದಿನಕ್ಕೊಂದು. ಅದಕ್ಕಿಂತ ಹಿಂದಿನದರಲ್ಲಿ ವಾರಕ್ಕೊಂದು, ಶನಿವಾರದ್ದು ಮಾತ್ರ. ಬದಲಾದ ಭಾಗ ಅಷ್ಟೇ ಬರ್ಕೊಳೋದ್ರಿಂದ ಜಾಗಾನೂ ತಿನ್ನಲ್ಲ. ಯಾವುದಾದ್ರೂ ಫೈಲ್ ಇದ್ದಕ್ಕಿದ್ದ ಹಾಗೆ ಸೊರಗಿದ್ರೆ ನಿನ್ನನ್ನೇ ಕೇಳತ್ತೆ, ಇದು ಸರೀನಾ ಅಂತ."

"ನನ್ನನ್ನ ಯಾಕೆ ಕೇಳಬೇಕು? ಅದರ ಕೆಲಸ ಅದು ಮಾಡ್ಲಿ," ಎಂದಳು ಅಕ್ಕ. ಅಂದಿನಿಂದ ತೆರೆಯ ಮೇಲೆ ಏನು ಪ್ರಶ್ನೆ ಬಂದರೂ ಓದದೆ 'ಸರಿ' ಒತ್ತುವುದನ್ನು ರೂಢಿ ಮಾಡಿಕೊಂಡಳು.

ಆ ದಿನಗಳಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದವರು ನಿವೃತ್ತ ಬಸ್ ಕಂಡಕ್ಟರು. ಎಪ್ಪತ್ತರ ಮನುಷ್ಯ. ಮೂವತ್ತೊಂದು ವರ್ಷ ಒಂದೇ ದಾರಿಯಲ್ಲಿ ಓಡಾಡಿದವರು. ಆ ದಾರಿಯ ಕಥೆಗಳನ್ನು ಪುಸ್ತಕ ಮಾಡಿಸುವ ಆಸೆ. ಬರೆಯಲು ಕೂತರೆ ಕೈ ನಡುಗುತ್ತದೆ, ಮೂರು ಪದಕ್ಕೆ ಸಾಲು ವಕ್ರವಾಗುತ್ತದೆ. ಬಾಯಿ ತೆರೆದರೆ ಮಾತ್ರ ಕೇಳುವವರಿಗೆ ಎದ್ದು ಹೋಗಲು ಮನಸ್ಸಾಗದು. ಮೊಟ್ಟೆಯ ಬುಟ್ಟಿಯ ಮೇಲೆ ಕೂತ ವರದಿಗಾರ, ಬಸ್ಸಿನಲ್ಲೇ ಹೆರಿಗೆಯಾದಾಗ ಹೆದರಿ ಇಳಿದು ಓಡಿದ ಡ್ರೈವರು! ಅಕ್ಕ ನಗುತ್ತಾ ಬಡಿಯುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ನೂರ ನಲವತ್ತು ಪುಟ ದಾಟಿತ್ತು.

ಆಗ ಅವರ ಗಂಟಲಿನಲ್ಲಿ ಗಂಟು ಕಾಣಿಸಿತು. ವೈದ್ಯರು ಮುಚ್ಚುಮರೆ ಮಾಡಲಿಲ್ಲ. ಧ್ವನಿಪೆಟ್ಟಿಗೆ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಗುರುವಾರ ಆಸ್ಪತ್ರೆಗೆ ಸೇರಬೇಕಿತ್ತು. ಸೋಮವಾರ, ಮಂಗಳವಾರ, ಬುಧವಾರ ಮೂರು ದಿನವೂ ಬಂದು ಕೊನೆಯ ಅಧ್ಯಾಯ ಹೇಳಿದರು. ಅದು ಮಗಳಿಗೆ ಹೇಳುವ ಮಾತು. ಹನ್ನೊಂದು ಪುಟ.

"ಇದನ್ನ ಯಾರ ಮುಂದೇನೂ ಓದಬೇಡ ತಂಗಿ," ಎಂದರು ಹೊರಡುವಾಗ. "ಮೂವತ್ತಾರು ವರ್ಷದಿಂದ ಅವಳ ಮುಂದೆ ಬಾಯಿ ಬಿಡೋಕೆ ಆಗಿಲ್ಲ. ಪುಸ್ತಕ ಆಗಿ ಅವಳ ಕೈಗೆ ಹೋಗ್ಲಿ. ಇನ್ನು ಬಾಯಿ ಇದ್ರೂ ಇಲ್ಲದಿದ್ರೂ ನಡೆಯತ್ತೆ."

ತಲೆ ಬಗ್ಗಿಸಿ ಅವರು ಹೊರಟಾಗ ಅಕ್ಕನಿಗೆ ದುಃಖ ಉಕ್ಕಿ ಬಂತು. ಆ ಧ್ವನಿಯನ್ನು ಇನ್ನು ಕೇಳುವುದಿಲ್ಲವಲ್ಲ ಎಂದು ಅತ್ತಳು. ಮಧ್ಯಾಹ್ನ ಯಾರೋ ಬಾಡಿಗೆ ಕರಾರು ಮಾಡಿಸಲು ಬಂದರು. ಅಕ್ಕ ಕಣ್ಣೊರೆಸಿಕೊಂಡು ಕರಾರು ಬಡಿದುಕೊಟ್ಟಳು. ಸಂಜೆ ಆರಕ್ಕೆ ಡಿಸ್ಕ್ ಸಿಕ್ಕಿಸಿದಾಗ ತೆರೆಯ ಮೇಲೆ ಏನೋ ಪ್ರಶ್ನೆ ಮೂಡಿತು. 'ಸರಿ' ಒತ್ತಿ, ಬೀಗ ಹಾಕಿ ಮನೆಗೆ ಹೋದಳು.

ಐದು ವಾರ ಕಳೆದು ಒಂದು ಬೆಳಿಗ್ಗೆ ಕಂಡಕ್ಟರ ಮಗಳು ಅಂಗಡಿಗೆ ಬಂದಳು. ನಲವತ್ತೈದರ ಹೆಂಗಸು, ಮಾತು ಕಡಿಮೆ. "ಅಪ್ಪ ಮನೆಗೆ ಬಂದಿದ್ದಾರೆ. ನಾಳೆ ಕರ್ಕೊಂಡು ಬರ್ತೀನಿ. ಪುಸ್ತಕದ ಪ್ರಿಂಟ್ ನೋಡಬೇಕಂತೆ," ಎಂದು ಹೇಳಿ ಹೋದಳು.

ಅಕ್ಕ ಖುಷಿಯಿಂದ ಫೈಲು ತೆರೆದಳು. ನೂರೈವತ್ತು ಪುಟ ಇರಬೇಕಾದ ಕಡೆ ಎರಡೇ ಪುಟ. ಮೊದಲ ಸಾಲಿನಲ್ಲಿ ಮನೆ ಮಾಲೀಕರು, ಎರಡನೆಯದರಲ್ಲಿ ಬಾಡಿಗೆದಾರರು. ಅಂದು ಅಳುತ್ತಾ ಕೂತವಳು ಕೊನೆಯ ಕೆಲಸವೆಂದು ಕಂಡಕ್ಟರ ಪುಸ್ತಕವನ್ನೇ ತೆರೆದು, ಅಳಿಸಿ, ಕರಾರು ಬಡಿದು, ಬೇರೆ ಹೆಸರು ಕೊಡುವುದನ್ನು ಮರೆತು ಹಾಗೆಯೇ ಉಳಿಸಿಬಿಟ್ಟಿದ್ದಳು. ಡಿಸ್ಕ್ ಸಿಕ್ಕಿಸಿ ನೋಡಿದರೆ ಅಲ್ಲಿಯೂ ಅದೇ ಮಾಲೀಕರು, ಅದೇ ಬಾಡಿಗೆದಾರರು. ಅವಳ ಶಿಸ್ತೇ ಒಳ್ಳೆಯ ಪ್ರತಿಯನ್ನು ತಿಂದು ಹಾಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಫೋನು ಮಾಡಿದ ಅರ್ಧ ಗಂಟೆಗೆ ತಮ್ಮ ಬಂದ. ಅವಳ ಮುಖ ನೋಡಿ ಉಪದೇಶವನ್ನು ನುಂಗಿಕೊಂಡ.

"ಅಕ್ಕ, ನೀನು ನೋಡಿದ್ದು ಇತ್ತೀಚಿನ ಪ್ರತಿ ಮಾತ್ರ. ಹಳೇದು ಒಳಗಿರತ್ತೆ. ಅವತ್ತು ಸಂಜೆ ಅದು ಏನಾದ್ರೂ ಕೇಳ್ತಾ?"

"ಕೇಳ್ತು."

"ನೀನೇನಂದೆ?"

"ಸರಿ ಅಂದೆ."

ತಮ್ಮ ನಗಬಾರದ ಹೊತ್ತಿನಲ್ಲಿ ನಕ್ಕ. ಅಕ್ಕನಿಗೂ ಅಳುವಿನ ನಡುವೆ ನಗು ಬಂತು. ಅವನು ದಿನಾಂಕಗಳ ಪಟ್ಟಿ ತೆರೆದು ಬೆರಳಿಟ್ಟು ಕೆಳಗಿಳಿದ. ತಿಂಗಳು ದಾಟಿದ್ದರಿಂದ ಆ ಮಂಗಳವಾರದ ಪ್ರತಿ ಇರಲಿಲ್ಲ, ಸೋಮವಾರದ್ದೂ ಇರಲಿಲ್ಲ. ಅದಕ್ಕೆ ಹಿಂದಿನ ಶನಿವಾರದ್ದು ಇತ್ತು. 'ಮರಳಿ ತಾ' ಎಂದು ಒತ್ತಿದ. ಎರಡು ನಿಮಿಷಕ್ಕೆ ನೂರ ನಲವತ್ತೊಂದು ಪುಟ ತೆರೆಯ ಮೇಲೆ ಬಂದವು. ಮೊಟ್ಟೆಯ ಬುಟ್ಟಿಯೂ ಬಂತು, ಓಡಿಹೋದ ಡ್ರೈವರೂ ಬಂದ. ಅಕ್ಕ ತಮ್ಮನ ಎರಡೂ ಕೆನ್ನೆ ಹಿಡಿದು ಅಲುಗಾಡಿಸಿದಳು. ಹೊಸದನ್ನೆಲ್ಲ ಬೈಯುತ್ತಿದ್ದ ಬಾಯಲ್ಲೇ ಆ ತಂತ್ರಾಂಶ ಮಾಡಿದವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು.

ಆಮೇಲೆ ಕೊನೆಯ ಪುಟಕ್ಕೆ ಹೋಗಿ ನೋಡಿದಳು. ಸೋಮವಾರದಿಂದ ಬುಧವಾರದವರೆಗಿನ ಹನ್ನೊಂದು ಪುಟ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ.

"ಬಿಡು ಅಕ್ಕ, ಅವರಿಗೆ ಹೇಳೋಕೆ ಹೋಗ್ಬೇಡ," ಎಂದ ತಮ್ಮ ಮೆಲ್ಲಗೆ. "ಕೊನೇಲಿ ನೀನೇ ಎರಡು ಒಳ್ಳೇ ಸಾಲು ಸೇರಿಸಿ ಮುಗಿಸು. ಪಾಪ, ಈ ಸ್ಥಿತೀಲಿ ಆ ಮನುಷ್ಯನಿಗೆ ಯಾಕೆ ನೋವು?"

"ಪುಸ್ತಕ ಮಾಡಿಸಿದ್ದೇ ಆ ಹನ್ನೊಂದು ಪುಟಕ್ಕೆ ಕಣೋ. ಉಳಿದದ್ದೆಲ್ಲ ಧೈರ್ಯ ಬರೋವರೆಗೆ ಹೇಳಿದ ಕಥೆ."

ಮರುದಿನ ಹತ್ತಕ್ಕೆ ಕಂಡಕ್ಟರು ಬಂದರು. ಕುತ್ತಿಗೆಗೆ ತೆಳು ಬಟ್ಟೆ ಸುತ್ತಿತ್ತು, ಮೈ ಇಳಿದುಹೋಗಿತ್ತು, ಕಣ್ಣಿನ ತುಂಟತನ ಮಾತ್ರ ಹಾಗೇ ಇತ್ತು. ಮಗಳು ಅವರನ್ನು ಕುರ್ಚಿಯಲ್ಲಿ ಕೂರಿಸಿ ತಾನು ಬೆಂಚಿನ ಮೇಲೆ ಕುಳಿತಳು. ಅಕ್ಕ ರಾತ್ರಿಯಿಡೀ ಮಾತು ಜೋಡಿಸಿಕೊಂಡು ಬಂದಿದ್ದಳು. ಎಲ್ಲ ಮರೆತುಹೋಯಿತು.

"ಅಣ್ಣ, ನಾನು ನಿಮ್ಮ ಪುಸ್ತಕದ ಮೇಲೆ ಬಾಡಿಗೆ ಕರಾರು ಬರೆದುಬಿಟ್ಟೆ," ಎಂದಳು. ಆದದ್ದನ್ನೆಲ್ಲ ಹೇಳಿದಳು. ಶನಿವಾರದವರೆಗಿನದು ಸಿಕ್ಕಿದೆ, ಕೊನೆಯ ಮೂರು ದಿನದ್ದು ಹೋಯಿತು, ತಪ್ಪು ಯಂತ್ರದ್ದಲ್ಲ, ನನ್ನದು ಎಂದಳು.

ಕಂಡಕ್ಟರ ಬಾಯಿ ಒಮ್ಮೆ ತೆರೆದು ಮುಚ್ಚಿಕೊಂಡಿತು. ಅದನ್ನು ನೋಡಲಾಗದೆ ಅಕ್ಕ ಮುಖ ತಿರುಗಿಸಿದಳು. ಕೊನೆಗೆ ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ನಡುಗುವ ಕೈಯಲ್ಲಿ ಎರಡು ಪದ ಗೀಚಿ ಮುಂದಿಟ್ಟರು. 'ನೆನಪಿದೆಯಾ ನಿನಗೆ?'

ಅಕ್ಕನಿಗೆ ನೆನಪಿತ್ತು. ಒಂದೊಂದು ಪದವನ್ನೂ ತನ್ನ ಬಾಯಲ್ಲಿ ಹೇಳಿಕೊಂಡೇ ಬಡಿದಿದ್ದಳು. ಅವರು ಆಸ್ಪತ್ರೆಯಲ್ಲಿದ್ದ ಐದು ವಾರ ಮನೆಗೆಲಸ ಮಾಡುವಾಗಲೂ ಆ ಮಾತುಗಳು ಅವಳ ತಲೆಯಲ್ಲಿ ಓಡಾಡುತ್ತಿದ್ದವು. "ಇದೆ ಅಣ್ಣ. ಆದ್ರೆ ಬಾಯಲ್ಲಿ ಹೇಳ್ಕೊಳ್ಳದೆ ನನ್ನ ಕೈ ಓಡಲ್ಲ," ಎಂದು ಬೆಂಚಿನ ಕಡೆ ನೋಡಿದಳು. "ಇವರು ಸ್ವಲ್ಪ ಹೊರಗೆ ಕೂತ್ಕೊಂಡ್ರೆ..."

ಮಗಳು ಏಳಹೊರಟಳು. ಕಂಡಕ್ಟರು ಕೈ ಎತ್ತಿ ತಡೆದರು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡು, ಅಲ್ಲೇ ಕೂತ್ಕೋ ಎಂದು ಸನ್ನೆ ಮಾಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಬಸ್ಸಿನ ತಗಡಿಗೆ ಬಡಿಯುವ ಹಾಗೆ ಮೇಜಿಗೆ ಎರಡು ಸಲ ಬಡಿದರು. ಹೊರಡು ಎಂದರ್ಥ.

ಅಕ್ಕ ಕೀಲಿಗಳ ಮೇಲೆ ಬೆರಳಿಟ್ಟಳು. "ಮಗಳೇ, ಅವತ್ತು ನಿನಗೆ ಒಂಬತ್ತು ವರ್ಷ. ಶಾಲೆ ಬಿಟ್ಟು ಓಡಿ ಬಂದು ನನ್ನ ಬಸ್ಸು ಹತ್ತಿದೆ. ಅಪ್ಪನ ಬಸ್ಸು ಅಂತ ಎಲ್ಲರಿಗೂ ಹೇಳ್ತಾ ಇದ್ದೆ. ನಿನ್ನ ಹತ್ತಿರ ಟಿಕೆಟ್ ಇರಲಿಲ್ಲ..." ಎಲ್ಲೋ ಒಂದು ಪದ ತಪ್ಪಿದಾಗ ಮೇಜಿನ ಮೇಲೆ ಒಂದು ಬಡಿತ ಬೀಳುತ್ತಿತ್ತು. ಅಕ್ಕ ನಿಲ್ಲಿಸಿ, ಹಿಂದೆ ಹೋಗಿ, ತಿದ್ದುತ್ತಿದ್ದಳು. ಮತ್ತೆ ಎರಡು ಬಡಿತ. "ನಾನು ಎಲ್ಲರ ಮುಂದೆ ಗದರಿಸಿದೆ. ಮುಂದಿನ ಸ್ಟಾಪಿನಲ್ಲಿ ಇಳಿಸಿದೆ. ಪ್ರಾಮಾಣಿಕ ಕಂಡಕ್ಟರ್ ಅನ್ನಿಸಿಕೊಳ್ಳೋ ಹುಚ್ಚು ನನಗೆ. ಸುಡು ಬಿಸಿಲು. ನಾನು ಹಿಂದಿನ ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ದೆ. ನೀನು ಒಂದು ಸಲಾನೂ ತಿರುಗಿ ನೋಡಲಿಲ್ಲ. ಟಿಕೆಟ್ ದುಡ್ಡು ನನ್ನ ಜೇಬಿನಿಂದ ಹಾಕಬಹುದಿತ್ತು. ಅದು ನನಗೆ ಹೊಳೆದದ್ದು ರಾತ್ರಿ, ನೀನು ನಿದ್ದೆ ಹೋದ ಮೇಲೆ. ತಪ್ಪಾಯ್ತು ಅಂತ ಹೇಳೋಕೆ ಇಷ್ಟು ವರ್ಷ ಬೇಕಾಯ್ತು. ಅಪ್ಪನ್ನ ಕ್ಷಮಿಸು."

ಕೀಲಿಮಣೆ ನಿಂತಿತು. ಬೆಂಚಿನ ಕಡೆ ನೋಡುವ ಧೈರ್ಯ ಅಕ್ಕನಿಗೂ ಇರಲಿಲ್ಲ, ಕಂಡಕ್ಟರಿಗೂ ಇರಲಿಲ್ಲ. ಮಗಳು ಎದ್ದು ಬಂದಳು. ಅಪ್ಪನ ಕುರ್ಚಿಯ ಹಿಂದೆ ನಿಂತು ಅವರ ಭುಜದ ಮೇಲೆ ಕೈಯಿಟ್ಟಳು.

"ಅಲ್ಲಿಗೆ ಮುಗಿಸ್ಬೇಡಿ ಅಕ್ಕ," ಎಂದಳು. "ಅಪ್ಪನಿಗೆ ಗೊತ್ತಿಲ್ಲದ್ದು ಒಂದಿದೆ. ನಾನು ಹೇಳ್ತೀನಿ, ಬರ್ಕೊಳ್ಳಿ."

ಅಕ್ಕ ಒಪ್ಪಿಗೆಗಾಗಿ ಕಂಡಕ್ಟರನ್ನು ನೋಡಿದಳು. ಅವರು ಮೇಜಿಗೆ ಬಡಿಯಲಿಲ್ಲ. ಮಗಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಅಳುತ್ತಿದ್ದರು. ಅಕ್ಕ ಕಾಯಲಿಲ್ಲ. ಮಗಳು ಹೇಳಿದ್ದನ್ನು ಹೇಳಿದ ಹಾಗೆಯೇ ಬಾಯಿಬಿಟ್ಟು ಮರುನುಡಿಯುತ್ತಾ ಬಡಿದಳು.

"ನೋಡಿದೆ ಅಪ್ಪ. ತಿರುಗಿ ನೋಡಲಿಲ್ಲ ನಿಜ, ಸಿಟ್ಟು ಬಂದಿತ್ತು. ಅಂಗಡಿಯ ಗಾಜಿನಲ್ಲಿ ನೋಡಿದೆ. ಬಸ್ಸು ತಿರುವು ದಾಟೋವರೆಗೂ ನೀವು ಬಾಗಿಲಲ್ಲೇ ನಿಂತಿದ್ರಿ. ಒಂದು ಕೈ ನನ್ನ ಕಡೆ ಚಾಚಿಕೊಂಡೇ ಇತ್ತು."